ಕೈಕೆಲಸಕ್ಕೆ ಬೆಲೆ ತಂದುಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯ

ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿ ಹಬ್ಬವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಹಿರಿಯ ಸಹಕಾರಿಯ ಜೀವನ ಚರಿತ್ರೆ ಇರಲಿ ಅಂತ ತೀರ್ಮಾನವಾಯಿತು. ಸಹಕಾರಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ರೈತರ ಪತ್ತಿನ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅವರ ವಿಚಾರ ನಮ್ಮ ಸದಸ್ಯರಿಗೆ ಗೊತ್ತಿದ್ದದ್ದೇ. ಆದರೆ ಹೊಲ, ಬಿತ್ತನೆ, ಗೊಬ್ಬರದ ಸಾಲ ಮಾತ್ರವಲ್ಲ, ಮನೆಯ ಪಡಸಾಲೆಯಲ್ಲಿ ಕೂತು ಸೂಜಿ ದಾರ ಹಿಡಿದವರ ದುಡಿಮೆಯೂ ಸಹಕಾರದ ಲೆಕ್ಕಕ್ಕೆ ಬರಬೇಕು ಅಂತ ಜೀವ ಸವೆಸಿದ ಹೆಣ್ಣುಮಗಳೊಬ್ಬರು ನಮ್ಮ ಕರಾವಳಿಯಲ್ಲೇ ಹುಟ್ಟಿದ್ದರು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ್ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದು ಬರಹ ಬಲ್ಲ, ಸ್ವಾಭಿಮಾನದ ಹೆಂಗಸು. ಮಗಳಿಗೆ ಏಳು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೆ ತಿಂಗಳಿಗಿಷ್ಟು ಅಂತ ಜೀವನಾಂಶ ಗೊತ್ತುಮಾಡಿದರು. ಆ ತಾಯಿ ಅದನ್ನು ಮುಟ್ಟಲಿಲ್ಲ, ತವರಿನಿಂದ ಬಂದದ್ದರಲ್ಲೇ ಮಕ್ಕಳನ್ನು ಸಾಕುತ್ತೇನೆಂದು ಎದ್ದು ಹೊರಟರು. ಮನೆಯಲ್ಲಿ ಎಷ್ಟು ದುಡಿದರೂ ಹೆಂಗಸಿನ ಹೆಸರಿಗೆ ಏನೂ ಉಳಿಯೋದಿಲ್ಲ ಅನ್ನೋ ಪಾಠ ಆ ಹುಡುಗಿಗೆ ಏಳನೇ ವಯಸ್ಸಿಗೇ ಸಿಕ್ಕಿತು.

ಮುಂದೆ ಬದುಕು ಬೇಗ ಬೇಗ ಉರುಳಿತು. ಹದಿನಾಲ್ಕಕ್ಕೆ ಮದುವೆ, ಎರಡು ವರ್ಷ ತುಂಬುವುದರೊಳಗೆ ವೈಧವ್ಯ. ಆದರೂ ಓದು ಬಿಡಲಿಲ್ಲ. ಮದ್ರಾಸಿನಲ್ಲಿ ಓದುವಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ಮರುಮದುವೆಯಾದರು. ಜನ ಆಡಿಕೊಂಡರು, ಇವರು ತಲೆಕೆಡಿಸಿಕೊಳ್ಳಲಿಲ್ಲ. ನಾಟಕದಲ್ಲಿ ಪಾತ್ರ ಮಾಡಿದರು. 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. ನಮ್ಮ ದೇಶದಲ್ಲಿ ಶಾಸನ ಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಅವರೇ. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದರು. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣಗಳನ್ನು ಬಹಿರಂಗವಾಗಿ ಮಾರಿ ಜೈಲು ಸೇರಿದರು.

ಸ್ವಾತಂತ್ರ್ಯ ಬಂತು. ಜೊತೆಯಲ್ಲಿದ್ದ ಅನೇಕರು ಮಂತ್ರಿಗಳಾದರು. ಕಮಲಾದೇವಿಯವರು ಮಾತ್ರ ನಿರಾಶ್ರಿತರ ಡೇರೆಗಳ ಕಡೆ ನಡೆದರು. ದೇಶ ವಿಭಜನೆಯಾಗಿ ಮನೆಮಠ ಕಳಕೊಂಡ ಲಕ್ಷಾಂತರ ಜನ ದೆಹಲಿ ಸುತ್ತಮುತ್ತ ಬಂದು ಬಿದ್ದಿದ್ದರು. ಅವರಿಗೆ ಅನ್ನ ಬಟ್ಟೆ ಹಂಚಿದರೆ ಸಾಲದು, ಕೈಗೆ ಕೆಲಸ ಕೊಟ್ಟು ತಮ್ಮ ಕಾಲ ಮೇಲೆ ತಾವು ನಿಲ್ಲೋ ಹಾಗೆ ಮಾಡಬೇಕು ಅನ್ನೋದು ಅವರ ನಂಬಿಕೆ. ಅದಕ್ಕೆ ಕಂಡ ದಾರಿ ಸಹಕಾರ. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿದರು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸುಮಾರು 50,000 ಜನರಿಗಾಗಿ ಎದ್ದ ಫರೀದಾಬಾದ್ ಪಟ್ಟಣದ ಕೆಲಸದಲ್ಲಿ ಈ ಒಕ್ಕೂಟದವರು ಟೊಂಕ ಕಟ್ಟಿ ನಿಂತರು. ನಿರಾಶ್ರಿತರೇ ಇಟ್ಟಿಗೆ ಹೊತ್ತು ಮನೆ ಕಟ್ಟಿಕೊಂಡರು.

ಆ ಡೇರೆಗಳಲ್ಲಿದ್ದ ಹೆಂಗಸರ ಕೈಯಲ್ಲಿ ಕಸೂತಿ, ಹೆಣಿಗೆ, ನೇಯ್ಗೆಯ ವಿದ್ಯೆ ಇತ್ತು. ಆದರೆ ಕೊಳ್ಳೋರು ಎಲ್ಲಿ? ಇದ್ದರೂ ದಲ್ಲಾಳಿ ಹೇಳಿದ್ದೇ ರೇಟು. ಇಲ್ಲೇ ಅವರ ಜೀವನದ ದೊಡ್ಡ ಕೆಲಸ ಶುರುವಾಯಿತು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಎಂಬ ಸರ್ಕಾರಿ ಮಳಿಗೆಯ ಆಡಳಿತವನ್ನು 1952ರಲ್ಲಿ ಈ ಒಕ್ಕೂಟ ವಹಿಸಿಕೊಂಡಿತು. ಹಳ್ಳಿಯಲ್ಲಿ ತಯಾರಾದ ಮಾಲು ಪಟ್ಟಣದ ಗಿರಾಕಿಗೆ ತಲುಪೋ ಹೆದ್ದಾರಿ ಅದಾಯಿತು. ಅದೇ ವರ್ಷ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಳಿಗೆ ಕಮಲಾದೇವಿಯವರೇ ಅಧ್ಯಕ್ಷರಾದರು. ಆಮೇಲೆ ಊರೂರು ತಿರುಗಿದರು. ಎಲ್ಲೋ ಮೂಲೆಯಲ್ಲಿ ಒಬ್ಬ ಮುದುಕ ಕುಶಲಕರ್ಮಿ ಉಳಿದಿದ್ದಾನೆ ಅಂದರೆ ಹುಡುಕಿಕೊಂಡು ಹೋಗೋರು. ಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಕುಂಭ ಕಲೆ ಇವೆಲ್ಲ ಮತ್ತೆ ಚಿಗುರಿದ್ದರಲ್ಲಿ ಅವರ ಪಾಲು ದೊಡ್ಡದು. ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಕೊಡೋ ಪದ್ಧತಿಯೂ ಅವರ ಮುತುವರ್ಜಿಯಿಂದಲೇ ಬಂತು.

ಇದರಲ್ಲಿ ಅಂಥ ಹೆಚ್ಚುಗಾರಿಕೆ ಏನು ಅಂತ ಕೆಲವರು ಕೇಳಬಹುದು. ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ನೋಡೋಣ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ. ಬಟ್ಟೆ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳೋ ಹಾಗಿಲ್ಲ. ಇಳಕಲ್ ಸೀರೆಯ ಎಳೆ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತೆ, ತೇರು ಸೊಟ್ಟಗಾಗುತ್ತೆ. ಕಣ್ಣು, ಬೆನ್ನು, ಬೆರಳು ಮೂರೂ ಸವೆಯೋ ಕೆಲಸ ಇದು. ಆದರೂ ಏನು ಮಾಡ್ತಿದ್ದೀಯಮ್ಮ ಅಂತ ಕೇಳಿದರೆ ಸುಮ್ನೆ ಕೂತಿದ್ದೆ ಅನ್ನೋ ಉತ್ತರವೇ ಬರುತ್ತೆ! ಮಾಡೋಳೇ ತನ್ನ ಕೆಲಸವನ್ನು ಕೆಲಸ ಅಂತ ಎಣಿಸದಿದ್ದರೆ ಕೊಳ್ಳೋನು ಯಾಕೆ ಎಣಿಸ್ತಾನೆ? ಪಕ್ಕದ ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಹೆಣೆಯೋ ಸಾವಿರಾರು ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನವಿಡೀ ದುಡಿದು ಪರದೇಶಕ್ಕೆ ಹೋಗೋ ಮಾಲು ಮಾಡಿದರೂ ಅವರನ್ನು ಕಾರ್ಮಿಕರೆಂದಲ್ಲ, ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿಯರೆಂದೇ ಲೆಕ್ಕ ಹಿಡಿಯುತ್ತಿದ್ದರು ಎಂಬುದನ್ನು ಅದು ತೋರಿಸಿಕೊಟ್ಟಿತು.

ನಾವೂ ಈ ತಪ್ಪಿನಿಂದ ಹೊರತಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಷಿಕ ಸಭೆಯ ದಿನ ಸದಸ್ಯೆಯೊಬ್ಬರು ತಾವೇ ಹೆಣೆದ ಉಲನ್ ಶಾಲನ್ನು ಮಾರಲು ತಂದಿದ್ದರು. ಬಲೆಯ ಹಾಗೆ ತೆಳ್ಳಗಿನ, ಅಂಚಿಗೆ ಜಾಲರಿ ಬಿಟ್ಟ ಚೆಂದದ ಶಾಲು. ಪೇಟೆಯಲ್ಲಿ ಇದಕ್ಕಿಂತ ಕಮ್ಮಿಗೆ ಸಿಗುತ್ತೆ ಅಂತ ನಾವೇ ಚೌಕಾಶಿ ಮಾಡಿ ಅರ್ಧಕ್ಕೆ ಇಳಿಸಿ ಕೊಂಡೆವು. ಆಮೇಲೆ ಕೂತು ಲೆಕ್ಕ ಹಾಕಿದರೆ ಉಲನ್‌ನ ಖರ್ಚು ಕಳೆದು ಅವರ ಕೈಗೆ ಉಳಿದದ್ದು ಹೊಲದ ಒಂದು ದಿನದ ಕೂಲಿಯೂ ಅಲ್ಲ. ಹೆಣೆದದ್ದೋ ಮೂರು ವಾರ! ಹಾಲಿನ ಫ್ಯಾಟು ಅಳೆದು ರೈತನಿಗೆ ರೇಟು ಕೊಡಿಸೋ ನಾವು ಆ ಮೂರು ವಾರವನ್ನು ಯಾವ ಮಾಪಕದಲ್ಲೂ ಅಳೆಯಲಿಲ್ಲ. ಕಮಲಾದೇವಿಯವರ ಚರಿತ್ರೆ ಓದಿದಾಗ ಆ ಶಾಲು ನೆನಪಾಗಿ ನಮಗೆ ನಾಚಿಕೆಯಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಕಮಲಾದೇವಿಯವರನ್ನು ಗೌರವಗಳು ಹುಡುಕಿಕೊಂಡು ಬಂದವು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದವು. 1988ರ ಅಕ್ಟೋಬರ್ 29ರಂದು ತಮ್ಮ 85ನೇ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು. ಅವರು ಬೆಳೆಸಿದ ಕರಕುಶಲ ಮಂಡಳಿಯನ್ನು 2020ರಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿತು. ಧಾರವಾಡದ ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಂಡಳಿಗಳು ಬರುತ್ತವೆ, ಹೋಗುತ್ತವೆ. ಆದರೆ ಕಲೆಯನ್ನು ಹೊಗಳಿ ಕಲೆಗಾರನನ್ನು ಉಪವಾಸ ಕೆಡವಬಾರದು ಎಂಬ ಅವರ ಬದುಕಿನ ಪಾಠ ಹೋಗಬಾರದು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಹೆಣಿಗೆ, ಕಸೂತಿ, ಬುಟ್ಟಿ, ಕಂಬಳಿ ಏನೇ ಇರಲಿ, ನಮ್ಮೂರಿನ ಕೈಕೆಲಸದ ಮಾಲನ್ನು ಸಂಘದ ಮಳಿಗೆಯಲ್ಲಿ ಇಡುವಂತಾಗಲಿ. ಚೀಟಿಯ ಮೇಲೆ ಬೆಲೆಯ ಜೊತೆಗೆ ಅದನ್ನು ಮಾಡಲು ಹಿಡಿದ ದಿನಗಳನ್ನೂ ಬರೆಯೋಣ. ಮಾಡಿದವರ ಹೆಸರನ್ನೂ ಬರೆಯೋಣ. ಆಗ ಚೌಕಾಶಿ ಮಾಡೋನ ನಾಲಿಗೆ ಒಂದು ಗಳಿಗೆಯಾದರೂ ತಡವರಿಸೀತು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದರೆ ಈ ಲೇಖನ ಬರೆದದ್ದು ಸಾರ್ಥಕವಾಯಿತು ಎಂದು ತಿಳಿಯುತ್ತೇವೆ.