ಸತ್ಯವನ್ನು ಮರೆಮಾಚದ ಕುರುಬ: ಮಿಲಾನಿನ ಸಂತ ಅಂಬ್ರೋಸರು

ಅರಸರ ತಪ್ಪನ್ನು ಅವರಿಗೇ ಎತ್ತಿ ತೋರಿಸಿದ ಧೀರರು ಶ್ರೀಸಭೆಯ ಚರಿತ್ರೆಯಲ್ಲಿ ಹಲವರಿದ್ದಾರೆ. ಹಾಗೆ ತೋರಿಸಿದ ಮೇಲೂ ಆ ಅರಸರ ಪ್ರೀತಿಯನ್ನು ಉಳಿಸಿಕೊಂಡವರು ವಿರಳ. ಅಂಥವರಲ್ಲಿ ಅಗ್ರಗಣ್ಯರಾದ ಸಂತ ಅಂಬ್ರೋಸರ ಜೀವನವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಅವರು ಜನಿಸಿದ್ದು ಸುಮಾರು ಕ್ರಿ.ಶ. 339ರಲ್ಲಿ, ಇಂದಿನ ಜರ್ಮನಿಯಲ್ಲಿರುವ ಟ್ರಿಯರ್ ನಗರದಲ್ಲಿ. ತಂದೆ ರೋಮನ್ ಸಾಮ್ರಾಜ್ಯದ ಉನ್ನತಾಧಿಕಾರಿ. ಮಗನೂ ನ್ಯಾಯಶಾಸ್ತ್ರವನ್ನು ಕಲಿತು ಉತ್ತರ ಇಟಲಿಯ ಪ್ರಾಂತಾಧಿಪತಿಯಾಗಿ ಮಿಲಾನಿಗೆ ಬಂದರು. 374ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ತೀರಿಕೊಂಡಾಗ ಕಥೋಲಿಕರಿಗೂ ಆರಿಯನ್ ಪಂಥದವರಿಗೂ ಉತ್ತರಾಧಿಕಾರಿಯ ವಿಷಯದಲ್ಲಿ ಕಲಹ ಹುಟ್ಟಿತು. ಶಾಂತಿಯನ್ನು ಕಾಪಾಡಲು ದೇವಾಲಯಕ್ಕೆ ಹೋದ ಅಧಿಕಾರಿಯನ್ನೇ ಜನರು ತಮ್ಮ ಧರ್ಮಾಧ್ಯಕ್ಷನಾಗಬೇಕೆಂದು ಪಟ್ಟುಹಿಡಿದರು. ಅವರಿಗೆ ಅಲ್ಲಿಯವರೆಗೆ ಜ್ಞಾನಸ್ನಾನವೂ ಆಗಿರಲಿಲ್ಲ! ತಪ್ಪಿಸಿಕೊಳ್ಳಲು ಮಾಡಿದ ಯತ್ನಗಳೆಲ್ಲ ವಿಫಲವಾದವು. ಜ್ಞಾನಸ್ನಾನ ಪಡೆದ ಕೆಲವೇ ದಿನಗಳಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ಆ ನೆನಪಿನಲ್ಲೇ ಡಿಸೆಂಬರ್ 7ರಂದು ನಾವು ಅವರ ಹಬ್ಬವನ್ನು ಆಚರಿಸುತ್ತೇವೆ.

ತಮ್ಮ ಬೆಳ್ಳಿಬಂಗಾರವನ್ನು ಅವರು ಬಡವರಿಗೂ ದೇವಾಲಯಕ್ಕೂ ಕೊಟ್ಟುಬಿಟ್ಟರು. 378ರಲ್ಲಿ ಏಡ್ರಿಯಾನೋಪಲಿನ ಯುದ್ಧದಲ್ಲಿ ರೋಮನರು ಸೋತ ಬಳಿಕ ಗಾಥರ ಕೈಗೆ ಸಿಕ್ಕ ಸೆರೆಯಾಳುಗಳ ಬಿಡುಗಡೆಗೆ ಹಣ ಸಾಲದಾದಾಗ, ಪೂಜಾಪಾತ್ರೆಗಳನ್ನೇ ಕರಗಿಸಿ ಮಾರಿಸಿದರು. ವಿರೋಧಿಗಳು ಆಕ್ಷೇಪಿಸಿದರೂ ಅದನ್ನು ಅಡಗಿಸಿಡಲಿಲ್ಲ. ಚಿನ್ನಕ್ಕಿಂತ ಮನುಷ್ಯರನ್ನು ಉಳಿಸಿಕೊಳ್ಳುವುದೇ ಮೇಲೆಂದು ಬಹಿರಂಗವಾಗಿಯೇ ಬರೆದರು. ಅವರ ಮನೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಮುಂದೆ 387ರ ಪಾಸ್ಕಹಬ್ಬದಲ್ಲಿ ಅವರಿಂದ ಜ್ಞಾನಸ್ನಾನ ಪಡೆದ ಸಂತ ಅಗಸ್ತೀನರು, ಕಷ್ಟಸುಖ ಹೇಳಿಕೊಳ್ಳಲು ಬಂದವರ ಗುಂಪಿನ ನಡುವೆ ಅವರೊಡನೆ ಮನಬಿಚ್ಚಿ ಮಾತನಾಡಲು ತಮಗೆ ಬಿಡುವೇ ಸಿಗುತ್ತಿರಲಿಲ್ಲವೆಂದು ಬರೆದಿಟ್ಟಿದ್ದಾರೆ. ಪಾಪನಿವೇದನೆಗೆ ಬಂದವರೊಡನೆ ಅಂಬ್ರೋಸರು ತಾವೂ ಅಳುತ್ತಿದ್ದರಂತೆ. ಕೇಳಿದ್ದನ್ನು ದೇವರಿಗಲ್ಲದೆ ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಇದನ್ನು ಬರೆದಿಟ್ಟವನು ಅವರ ಲಿಪಿಕಾರನಾಗಿದ್ದ ಪೌಲಿನುಸ್. ಪಾಪನಿವೇದನೆಯ ಪೀಠದಲ್ಲಿ ದೀರ್ಘಕಾಲ ಕುಳಿತ ನಮಗೆ, ಅವರ ಸಕಲ ಗ್ರಂಥಗಳಿಗಿಂತಲೂ ಈ ಒಂದು ಸಂಗತಿಯೇ ಹೆಚ್ಚು ಮನಮುಟ್ಟುತ್ತದೆ.

ಸಂತರ ಚರಿತ್ರೆಯಲ್ಲಿ ಕಹಿಯಾದುದನ್ನು ಬಿಟ್ಟು ಬರೆಯುವ ರೂಢಿಯುಂಟು. ಸತ್ಯನಿಷ್ಠೆಯ ವಿಷಯವನ್ನೆತ್ತಿಕೊಂಡು ನಾವು ಹಾಗೆ ಮಾಡಲಾಗದು. 388ರಲ್ಲಿ ಯೂಫ್ರೆಟಿಸ್ ನದಿಯ ದಡದ ಕಲ್ಲಿನಿಕುಮ್ ಎಂಬಲ್ಲಿ ಕ್ರೈಸ್ತರ ಗುಂಪೊಂದು ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಸುಟ್ಟಿತು. ಅಲ್ಲಿನ ಧರ್ಮಾಧ್ಯಕ್ಷನೇ ತನ್ನ ಹಣದಿಂದ ಅದನ್ನು ಕಟ್ಟಿಸಿಕೊಡಬೇಕೆಂದು ಚಕ್ರವರ್ತಿ ಥಿಯೊದೋಸಿಯುಸನು ಆಜ್ಞಾಪಿಸಿದನು. ಅಂಬ್ರೋಸರು ಮೊದಲು ಪತ್ರ ಬರೆದು ವಿರೋಧಿಸಿದರು. ಬಳಿಕ ತುಂಬಿದ ಸಭೆಯಲ್ಲಿ ಅವನನ್ನು ಉದ್ದೇಶಿಸಿಯೇ ಪ್ರಸಂಗ ಮಾಡಿ, ಆಜ್ಞೆಯನ್ನು ಹಿಂತೆಗೆಯುವ ಮಾತು ಸಿಗುವವರೆಗೆ ಬಲಿಪೀಠದತ್ತ ಹೋಗದೆ ನಿಂತರು. ಚಕ್ರವರ್ತಿ ಮಣಿದನು. ಧೈರ್ಯವೇನೋ ದೊಡ್ಡದೇ, ಆದರೆ ಮಂದಿರವನ್ನು ಕಳೆದುಕೊಂಡವರ ನೋವು ಆ ಧೈರ್ಯದಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅಂದು ನ್ಯಾಯವು ಚಕ್ರವರ್ತಿಯ ಪಕ್ಷದಲ್ಲಿತ್ತೆಂದೇ ನಾವು ಭಾವಿಸುತ್ತೇವೆ.

ಎರಡು ವರ್ಷಗಳ ಬಳಿಕ, 390ರಲ್ಲಿ, ಥೆಸಲೋನಿಕದಲ್ಲಿ ಘೋರವೊಂದು ನಡೆಯಿತು. ಜನಪ್ರಿಯನಾದ ರಥಸಾರಥಿಯೊಬ್ಬನನ್ನು ಸೇನಾಧಿಪತಿ ಬುಥೆರಿಕನು ಸೆರೆಯಲ್ಲಿಟ್ಟಿದ್ದರಿಂದ ಕೆರಳಿದ ಜನರು ಸೇನಾಧಿಪತಿಯನ್ನೇ ಕೊಂದರು. ಕ್ರೋಧಾವೇಶದಲ್ಲಿ ಚಕ್ರವರ್ತಿ ಪ್ರತೀಕಾರಕ್ಕೆ ಅಪ್ಪಣೆ ಕೊಟ್ಟನು. ಸೈನಿಕರು ಅಪರಾಧಿ ನಿರಪರಾಧಿಯೆಂದು ನೋಡದೆ ಜನರನ್ನು ಕಡಿದರು. ಸತ್ತವರು 7,000 ಎಂದು ಪ್ರಾಚೀನ ಇತಿಹಾಸಕಾರ ಥಿಯೊದೊರೇತನು ಬರೆಯುತ್ತಾನೆ.

ಈ ಬಾರಿ ಅಂಬ್ರೋಸರು ಸಭೆಯಲ್ಲಿ ಗುಡುಗಲಿಲ್ಲ. ಚಕ್ರವರ್ತಿ ಮಿಲಾನಿಗೆ ಬರುವ ಮುನ್ನವೇ ದೇಹಾಲಸ್ಯದ ನಿಮಿತ್ತ ಊರುಬಿಟ್ಟು ಹೋಗಿ, ಅಲ್ಲಿಂದ ಒಂದು ಪತ್ರ ಬರೆದರು. ಲಿಪಿಕಾರನಿಗೆ ಹೇಳಿ ಬರೆಸಲಿಲ್ಲ. ಚಕ್ರವರ್ತಿಯೊಬ್ಬನೇ ಓದಲೆಂದು ಸ್ವಹಸ್ತದಿಂದಲೇ ಬರೆದರು. ನಡೆದದ್ದು ಕಂಡುಕೇಳರಿಯದ ಕ್ರೌರ್ಯವೆಂಬುದನ್ನು ಅದರಲ್ಲಿ ಮೃದುಗೊಳಿಸಲಿಲ್ಲ. ಅವನೆದುರಿನಲ್ಲಿ ತಾವು ಬಲಿಪೂಜೆಯನ್ನು ಅರ್ಪಿಸಲಾರೆವೆಂಬುದನ್ನೂ ಮುಚ್ಚಿಡಲಿಲ್ಲ. ಆದರೆ ಅವನ ಭಕ್ತಿಯನ್ನೂ ಕೋಪ ಇಳಿದಾಗ ಅವನಲ್ಲಿ ಮೂಡುವ ದಯೆಯನ್ನೂ ನೆನೆದರು. ಪ್ರವಾದಿ ನಾತಾನನ ಮಾತಿಗೆ ದಾವೀದ ಅರಸನು ತಲೆಬಾಗಿದ್ದನ್ನು ಸ್ಮರಿಸಿ, ಅರಸನಾದವನಿಗೂ ಪಶ್ಚಾತ್ತಾಪ ಅವಮಾನವಲ್ಲವೆಂದು ತಿಳಿಸಿದರು. ದೇವಾಲಯದ ಬಾಗಿಲಲ್ಲಿ ಚಕ್ರವರ್ತಿಯನ್ನು ಕೈಯೊಡ್ಡಿ ತಡೆದರೆಂಬ ಪ್ರಸಿದ್ಧ ಕಥೆಯು ಕಾಲಾನಂತರ ಬೆಳೆದುದು. ಚಿತ್ರಕಾರ ರೂಬೆನ್ಸನಿಗೆ ಅದು ಒಳ್ಳೆಯ ವಸ್ತುವಾಯಿತು. ನಮಗೆ ಆ ಗುಟ್ಟಿನ ಪತ್ರವೇ ಹಿರಿದಾಗಿ ಕಾಣುತ್ತದೆ.

ಚಕ್ರವರ್ತಿಯು ರಾಜಲಾಂಛನಗಳನ್ನು ಕಳಚಿಟ್ಟು, ಜನರೆದುರಿನಲ್ಲಿ ಅತ್ತು ಪ್ರಾಯಶ್ಚಿತ್ತ ಮಾಡಿಕೊಂಡನು. ಅದೇ ವರ್ಷದ ಕ್ರಿಸ್ತಜಯಂತಿಯ ವೇಳೆಗೆ ಅವನನ್ನು ಮರಳಿ ಪರಮಪ್ರಸಾದಕ್ಕೆ ಸೇರಿಸಿಕೊಂಡರೆಂದು ಹೇಳುತ್ತಾರೆ. ಅವನ ಸಾವಿಗೀಡಾದ ಥೆಸಲೋನಿಕದ ಜನರಿಗೆ ಇದರಿಂದ ಜೀವ ಬರಲಿಲ್ಲ, ನಿಜ. ಅದನ್ನು ಅಂಬ್ರೋಸರೂ ಬಲ್ಲರು.

395ರ ಜನವರಿಯಲ್ಲಿ ಥಿಯೊದೋಸಿಯುಸನು ಮಿಲಾನಿನಲ್ಲೇ ಮರಣಹೊಂದಿದನು. ನಲವತ್ತನೆಯ ದಿನ ಅವನ ಎಳೆಯ ಮಗ ಹೊನೋರಿಯುಸನ ಸಮ್ಮುಖದಲ್ಲಿ ಸ್ಮರಣ ಪ್ರಸಂಗ ಮಾಡಿದವರು ಅಂಬ್ರೋಸರೇ. ಅಂದಿನ ಪಾಪದ ವಿಚಾರವನ್ನು ಅವರು ಅಲ್ಲಿಯೂ ಬಿಡಲಿಲ್ಲ. ಆ ಕಣ್ಣೀರನ್ನು ಮೃತನ ಕೀರ್ತಿಗಳಲ್ಲಿ ಒಂದಾಗಿ ಎಣಿಸಿದರು. ತನ್ನನ್ನು ಹೊಗಳುವವನಿಗಿಂತ ತಿದ್ದುವವನನ್ನು ಹೆಚ್ಚಾಗಿ ಮೆಚ್ಚಿದ ಆ ಮನುಷ್ಯನನ್ನು ತಾವು ಪ್ರೀತಿಸಿದ್ದಾಗಿ ಹೇಳಿದರು. ಕೊನೆಯುಸಿರಿನಲ್ಲೂ ಚಕ್ರವರ್ತಿ ಕೇಳಿದ್ದು ತಮ್ಮನ್ನೇ ಎಂಬುದನ್ನೂ ತಿಳಿಸಿದರು. ಎರಡು ವರ್ಷಗಳ ನಂತರ, 397ರ ಏಪ್ರಿಲ್ 4ರ ಪವಿತ್ರ ಶನಿವಾರ, ಅಂಬ್ರೋಸರೂ ಪರಂಧಾಮವನ್ನು ಸೇರಿದರು. ಮಿಲಾನಿನಲ್ಲಿ ತಾವೇ ಕಟ್ಟಿಸಿದ ದೇವಾಲಯದಲ್ಲಿ ಅವರ ಪೂಜ್ಯ ಅವಶೇಷಗಳಿವೆ.