ಏಳಿಗೆಗೆ ಅಂಜಬಾರದು: ಸರ್ ನಾರಾಯಣ ಚಂದಾವರ್ಕರರ ಚರಿತ್ರೆ

ಸೋಲಿಗೆ ಅಂಜುವವರು ಬಹು ಮಂದಿ ಇದ್ದಾರೆಂಬುದು ಎಲ್ಲರಿಗೂ ತಿಳಿದದ್ದೇ. ಏಳಿಗೆಗೂ ಅಂಜುವವರಿದ್ದಾರೆಂದರೆ ಕೆಲವರು ನಂಬಲಿಕ್ಕಿಲ್ಲ. ಆದರೆ ನಮ್ಮ ಹಳ್ಳಿಗಳನ್ನು ನೋಡಿದರೆ ಸಾಕು. ಚೆನ್ನಾಗಿ ಓದುವ ಹುಡುಗನು ದೊಡ್ಡ ಪರೀಕ್ಷೆಗೆ ಕೂರಲು ಹಿಂಜರಿಯುತ್ತಾನೆ. ತೇರ್ಗಡೆಯಾದರೆ ಊರನ್ನೂ ಗೆಳೆಯರನ್ನೂ ಬಿಡಬೇಕಾದೀತೆಂದು ಅವನ ಅಂಜಿಕೆ. ಒಳ್ಳೇ ಬೆಳೆ ಬಂದವನು ನೆರೆಯವರ ಕಣ್ಣು ಬಿದ್ದೀತೆಂದು ಅದನ್ನು ಮರೆಮಾಡುತ್ತಾನೆ. ಸಭೆಯ ಹಿರಿತನಕ್ಕೆ ತಕ್ಕವನು, ಒಮ್ಮೆ ಒಪ್ಪಿದರೆ ಎಲ್ಲರೂ ತನ್ನಿಂದ ಹೆಚ್ಚನ್ನು ಬಯಸುವರೆಂದು, ತಾನು ಅಯೋಗ್ಯನೆಂದು ಹೇಳಿ ಜಾರಿಕೊಳ್ಳುತ್ತಾನೆ. ಇದನ್ನು ನಾವು ದೀನತೆಯೆಂದು ಕರೆಯುತ್ತೇವೆ. ಅನೇಕ ವೇಳೆ ಅದು ದೀನತೆಯಲ್ಲ, ಭಯವೇ. ತನ್ನ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳು ಸಹ ಅಂಜಿಕೆಯಿಂದಲೇ ಹಾಗೆ ಮಾಡಿದನಲ್ಲವೇ?

ಈ ಭಯಕ್ಕೆ ಮೂರು ಬೇರುಗಳಿವೆ. ಮೇಲೇರಿದರೆ ನಮ್ಮವರೇ ನಮ್ಮನ್ನು ದೂರಮಾಡುವರೆಂಬುದು ಒಂದು. ಮೇಲೇರಿದಷ್ಟೂ ಹೊರೆ ಹೆಚ್ಚುವುದೆಂಬುದು ಎರಡನೆಯದು. ದೊರೆತ ಮಾನವನ್ನು ಮುಂದೆ ಕಳಕೊಂಡೇವೆಂಬುದು ಮೂರನೆಯದು. ಈ ಮೂರೂ ಎದುರಾಗುವ ಹಾದಿಯಲ್ಲಿ ನಿಲ್ಲದೆ ನಡೆದ ಒಬ್ಬರು ನಮ್ಮ ಕರಾವಳಿಯಲ್ಲಿಯೇ ಹುಟ್ಟಿದರು. ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ನಾರಾಯಣ ಗಣೇಶ ಚಂದಾವರ್ಕರರು 1855ನೇ ಇಸವಿ ದಶಂಬರ 2ರಂದು ಹೊನ್ನಾವರದಲ್ಲಿ ಜನಿಸಿದರು. ಆಗ ಕನ್ನಡ ಜಿಲ್ಲೆಯೆಲ್ಲಾ ಮದ್ರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಅದರ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, ಹೆಚ್ಚಿನ ವಿದ್ಯೆಗೂ ನ್ಯಾಯಕ್ಕೂ ಉದ್ಯೋಗಕ್ಕೂ ನಮ್ಮವರು ಮುಂಬಯಿಯನ್ನೇ ನೋಡಬೇಕಾಯಿತು. ಅದೇ ಕಾಲದಲ್ಲಿ ಅಮೇರಿಕದ ಯುದ್ಧದ ದೆಸೆಯಿಂದ ಹತ್ತಿಯ ಬೆಲೆ ಏರಿ, ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರದಿಂದ ಹಡಗೇರುತ್ತಿತ್ತು. ಹತ್ತಿ ಹೋದ ಕಡೆಗೇ ಈ ಕರಾವಳಿಯ ಹುಡುಗರೂ ಹೋದರು. ಮುಂಬಯಿಯಲ್ಲಿ ಚಂದಾವರ್ಕರರಿಗೆ ಸೋದರಮಾವ ಶಾಮರಾವ ವಿಠಲ ಕಾಯ್ಕಿಣಿಯವರಿದ್ದರು. ಅವರು ಸಮಾಜ ಸುಧಾರಕರೆಂದು ಹೆಸರಾದವರು. ಚಂದಾವರ್ಕರರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಕಾನೂನಿನ ಪದವಿಯನ್ನು ಹೊಂದಿದರು. ಇಂದುಪ್ರಕಾಶವೆಂಬ ಪತ್ರಿಕೆಯ ಇಂಗ್ಲಿಷ್ ಭಾಗವನ್ನೂ ಅನೇಕ ವರುಷ ನಡಿಸಿದರು.

1885ರಲ್ಲಿ ಮೊದಲನೆಯ ಶೋಧನೆ ಬಂತು. ಹಿಂದೂದೇಶದ ಕುಂದುಕೊರತೆಗಳನ್ನು ಇಂಗ್ಲೆಂಡಿನ ಜನರಿಗೆ ತಿಳಿಸುವುದಕ್ಕಾಗಿ ಮೂವರನ್ನು ಆರಿಸಿದರು. ಬಂಗಾಳದಿಂದ ಮನಮೋಹನ ಘೋಷರು, ಮದ್ರಾಸಿನಿಂದ ರಾಮಸ್ವಾಮಿ ಮೊದಲಿಯಾರರು, ಮುಂಬಯಿಯಿಂದ ಚಂದಾವರ್ಕರರು. ಅವರಿಗೆ ಆಗ ಮೂವತ್ತು ವರುಷವೂ ತುಂಬಿರಲಿಲ್ಲ. ಅವರು ಸಾರಸ್ವತ ಬ್ರಾಹ್ಮಣರು. ಅವರ ಸಮಾಜದ ಮಠವು ಭಟ್ಕಳದ ಸಮೀಪದ ಶಿರಾಲಿಯಲ್ಲಿದೆ. ಕಡಲು ದಾಟಿದವನು ಜಾತಿಗೆಟ್ಟನೆಂದು ಮೇಲ್ಜಾತಿಗಳವರು ಎಣಿಸುತ್ತಿದ್ದ ಕಾಲವದು. ಅಂಥವನಿಗೆ ಪಂಕ್ತಿಯಲ್ಲಿ ಎಲೆ ತಪ್ಪುತ್ತಿತ್ತು, ಸಂಬಂಧ ಮುರಿಯುತ್ತಿತ್ತು. ಹೀಗೆ ದೊರೆತ ಗೌರವವೇ ಅವರನ್ನು ತಮ್ಮವರಿಂದ ದೂರಮಾಡುವಂತಿತ್ತು. ಆದರೂ ಅವರು ಹೋದರು. ಆ ವರುಷದ ದಶಂಬರದಲ್ಲಿಯೇ ಮುಂಬಯಿಯಲ್ಲಿ ಕಾಂಗ್ರೆಸ್ಸು ಸ್ಥಾಪನೆಯಾಯಿತು.

ಹದಿನೈದು ವರುಷಗಳಾದ ಮೇಲೆ, 1900ರಲ್ಲಿ, ಲಾಹೋರಿನ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರಾದರು. ಅದೇ ಸಮಯದಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರ ಪದವಿಯೂ ಅವರಿಗೆ ಬಂತು. ನ್ಯಾಯಪೀಠದಲ್ಲಿ ಕೂರುವವನು ರಾಜಕೀಯ ವೇದಿಕೆಯನ್ನು ಬಿಡಲೇಬೇಕು. ಅವರು ಲಾಹೋರಿನ ಕೆಲಸವನ್ನು ಮುಗಿಸಿ ಪೀಠಕ್ಕೆ ಬಂದರು. ರಾಜಕೀಯವನ್ನು ಬಹುಕಾಲ ಬಿಟ್ಟರು. 1901ರಲ್ಲಿ ರಾನಡೆಯವರು ತೀರಿಕೊಂಡ ಮೇಲೆ ಪ್ರಾರ್ಥನಾ ಸಮಾಜದ ಅಧ್ಯಕ್ಷತೆಯೂ ಇವರ ಹೆಗಲಿಗೇರಿತು. ಹೊರೆಯು ಹೆಚ್ಚಿತೆಂದು ಅವರು ಹಿಂದೆಗೆಯಲಿಲ್ಲ. ಯಾವುದನ್ನು ಹೊರಬೇಕು, ಯಾವುದನ್ನು ಇಳಿಸಬೇಕು ಎಂದು ವಿಂಗಡಿಸಿಕೊಂಡರು.

ನಮ್ಮ ಓದುಗರು ಮುಖ್ಯವಾಗಿ ನೆನಪಿಡತಕ್ಕದ್ದು ಇದು. 1906ನೇ ಅಕ್ಟೋಬರ 18ರಂದು, ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು, ಅಸ್ಪೃಶ್ಯರೆಂದು ತಳ್ಳಲ್ಪಟ್ಟವರ ಏಳಿಗೆಗಾಗಿ ಒಂದು ಮಿಶನನ್ನು ಸ್ಥಾಪಿಸಿ ಮುಂಬಯಿಯ ಪರಳಿನಲ್ಲಿ ಶಾಲೆಯನ್ನು ತೆರೆದರು. ಆ ಸಂಘಕ್ಕೆ ಹೈಕೋರ್ಟಿನ ನ್ಯಾಯಾಧೀಶರಾದ ಚಂದಾವರ್ಕರರು ಅಧ್ಯಕ್ಷರಾಗಿ ನಿಂತರು. ಮೇಲೇರಿದವನು ಕೆಳಗಿನವರನ್ನು ಮರೆಯಲೇಬೇಕೆಂಬ ನಿಯಮವಿಲ್ಲವೆಂದು ಇದರಿಂದ ತಿಳಿಯುವೆವು.

1910ರಲ್ಲಿ ಅವರಿಗೆ ಸರ್ ಎಂಬ ಬಿರುದು ಬಂತು. ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಯೂ ಆದರು. ಇಷ್ಟು ಮಾನವನ್ನು ಸರಕಾರದಿಂದ ಪಡೆದವನ ನಾಲಿಗೆ ಕಟ್ಟಿಹೋಗುವುದು ಲೋಕದ ರೂಢಿ. ಗಾಂಧಿಯವರ ಅಸಹಕಾರದ ಮಾರ್ಗವನ್ನು ಚಂದಾವರ್ಕರರು ಒಪ್ಪಲಿಲ್ಲ. ಆದರೂ ಜಲಿಯನ್‌ವಾಲಾ ಬಾಗಿನ ಹತ್ಯೆಯನ್ನು ಕುರಿತ ಹಂಟರ್ ವರದಿಯನ್ನು ಖಂಡಿಸಲು 1920ರಲ್ಲಿ ಮುಂಬಯಿಯಲ್ಲಿ ಕೂಡಿದ ಸಭೆಗೆ ಅವರೇ ಅಧ್ಯಕ್ಷರಾದರು. 1921ರಲ್ಲಿ ಮುಂಬಯಿ ಕಾಯಿದೆ ಕೌನ್ಸಿಲಿನ ಅಧ್ಯಕ್ಷರಾಗಿ, 1923ನೇ ಮೇ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಅವರಿಗೆ ಅಂಜಿಕೆಯೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಅವರು ನಡೆದ ಹೆಜ್ಜೆಗಳನ್ನು ತೋರಿಸಿದೆವು, ಅಷ್ಟೇ. ಭಯವೆಲ್ಲಾ ಹೋಗಲಿ, ಆಮೇಲೆ ಹೊರಡುವೆನು ಎಂದು ಕಾದುಕೊಂಡಿರುವವನು ಎಂದಿಗೂ ಹೊರಡುವುದಿಲ್ಲ. ತಾನು ಯಾವುದಕ್ಕೆ ಅಂಜುತ್ತೇನೆಂದು ಮೊದಲು ವಿಚಾರಿಸಿಕೊಳ್ಳಬೇಕು. ಜನರ ಮಾತಿಗೋ, ಹೊರೆಗೋ, ನಷ್ಟಕ್ಕೋ? ಹೆಸರು ತಿಳಿದ ಭಯವು ಅರ್ಧ ಕುಗ್ಗುತ್ತದೆ. ಬಳಿಕ ಮುಂದಿನ ಒಂದೇ ಹೆಜ್ಜೆಯನ್ನು ಇಡಬೇಕು.

ಅವರು ಮೇಲ್ಜಾತಿಯವರು, ಅವರಿಗೆ ಮುಂಬಯಿಯಲ್ಲಿ ಸೋದರಮಾವನಿದ್ದನು, ನಮಗೆ ಯಾರಿದ್ದಾರೆ ಎಂದು ನಮ್ಮವರು ಕೇಳಬಹುದು. ಆ ಪ್ರಶ್ನೆಯು ನ್ಯಾಯವಾದದ್ದೇ. ಆದಕಾರಣ ಪಟ್ಟಣದಲ್ಲಿ ನೆಲೆಗೊಂಡ ನಮ್ಮವರು ಊರಿಂದ ಬರುವ ಹುಡುಗ ಹುಡುಗಿಯರಿಗೆ ಆ ಸೋದರಮಾವನಂತೆ ಆಗಬೇಕು. ಊರಲ್ಲಿರುವವರು, ಹೊರಟವರನ್ನು ದೊಡ್ಡವರಾದರೆಂದು ಚುಚ್ಚದೆ, ಹರಸಿ ಕಳುಹಿಸಬೇಕು. ಹಿಂದಿರುಗಿ ಬಂದಾಗ ಮೊದಲಿನಂತೆಯೇ ಚಾಪೆ ಹಾಸಬೇಕು. ಹಾಗಾದರೆ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಅಂಜಿಕೆಯು ಮನೆಯ ಬಾಗಿಲಲ್ಲಿಯೇ ನೀಗುವುದು.