ಬಿ. ಜಿ. ಎಲ್. ಸ್ವಾಮಿ: ಎಣಿಕೆಗೆ ಸಿಕ್ಕದ ಅರ್ಧ

ದಾವಣಗೆರೆಯಲ್ಲಿ ಕನ್ನಡ ಪಾಠ ಹೇಳತೊಡಗಿ ಹದಿನೆಂಟು ವರ್ಷಗಳಾದುವು. ಅಷ್ಟು ಕಾಲವೂ ಬಿ. ಜಿ. ಎಲ್. ಸ್ವಾಮಿಯವರನ್ನು ನಾನು ತರಗತಿಗೆ ಪರಿಚಯಿಸುತ್ತಿದ್ದುದು ಡಿ. ವಿ. ಜಿ.ಯವರ ಮಗನೆಂದು, ನಗೆಯ ಬೆಡಗು ಬಲ್ಲ ಲೇಖಕನೆಂದು. ಸಸ್ಯಶಾಸ್ತ್ರದ ಮಾತನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ಆ ಶಾಸ್ತ್ರದಲ್ಲಿ ಅವರು ಕಂಡದ್ದೇನೆಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಸ್ವಾಮಿಯವರು ಹುಟ್ಟಿದ್ದು 1918ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೀತಾಳೆ ಹೂಗಳ ಕುಲದ ಗಿಡಗಳಲ್ಲಿ ಭ್ರೂಣ ಬೆಳೆಯುವ ಬಗೆಯನ್ನು ಶೋಧಿಸುತ್ತ ಸಂಶೋಧನೆಗೆ ಇಳಿದರು. ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮರದ ಒಳರಚನೆಯನ್ನು ಬಲ್ಲ ಹಿರಿಯರಾದ ಇರ್ವಿಂಗ್ ಬೈಲಿಯವರೊಡನೆ ದುಡಿದರು. ಕಾಂಡವನ್ನೂ ಹೂವನ್ನೂ ತೆಳುವಾಗಿ ಸೀಳಿ, ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡದ್ದನ್ನು ಕೈಯಿಂದ ಬರೆದುಕೊಳ್ಳುವ ತಾಳ್ಮೆಯ ಕೆಲಸ ಅದು.

ನ್ಯೂ ಕ್ಯಾಲಿಡೋನಿಯ ದ್ವೀಪದ ಕಾಡಿನಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬುದೊಂದು ಗಿಡವಿದೆ. ಬಹುಮಟ್ಟಿನ ಹೂಗಿಡಗಳ ಕಾಂಡದಲ್ಲಿ ನೀರನ್ನೊಯ್ಯುವ ಕೊಳವೆಯಂಥ ನಾಳಗಳಿದ್ದರೆ, ಇದರಲ್ಲಿ ಅವು ಇಲ್ಲವೆಂದು ಗುರುಶಿಷ್ಯರಿಬ್ಬರೂ ಸೇರಿ 1948ರಲ್ಲಿ ಪ್ರಕಟಿಸಿದರು. ಹೂವಿನ ಹೆಣ್ಣುಭಾಗವು ಮೂಲದಲ್ಲಿ ನಡುವೆ ಮಡಿಚಿದ ಎಲೆಯಂಥದೆಂಬ ವಿಚಾರವನ್ನು 1951ರ ಪ್ರಬಂಧದಲ್ಲಿ ಮಂಡಿಸಿದರು. ಇದು ಮುಂದೆ ಬಹುಕಾಲ ಸಸ್ಯಶಾಸ್ತ್ರಜ್ಞರ ಚರ್ಚೆಗೆ ವಸ್ತುವಾಯಿತು.

ಈ ಕಾಲದಲ್ಲಿ ವಿದ್ವಾಂಸನ ಬೆಲೆಯನ್ನು ಅವನ ಪ್ರಬಂಧಗಳೆಷ್ಟು, ಅವನ್ನು ಇತರರು ಉಲ್ಲೇಖಿಸಿದ್ದು ಎಷ್ಟು ಬಾರಿ ಎಂದು ಎಣಿಸಿ ಕಟ್ಟುತ್ತಾರೆ. ನನ್ನ ಬಡ್ತಿಯ ಅರ್ಜಿಯಲ್ಲಿಯೂ ಆ ಎರಡು ಅಂಕಣಗಳಿದ್ದುವು; ಎರಡನೆಯದನ್ನು ತುಂಬಲು ನನ್ನ ಬಳಿ ಏನೂ ಇರಲಿಲ್ಲ. ಆ ಕಹಿ ಮನಸ್ಸಿನಲ್ಲಿದ್ದುದರಿಂದ ಎಣಿಕೆಯೆಲ್ಲ ಹುಸಿಯೆಂದು ಬರೆಯುವ ಆಸೆಯಾಯಿತು. ಸ್ವಾಮಿಯವರ ಬದುಕು ಅದಕ್ಕೆ ಎಡೆಗೊಡಲಿಲ್ಲ.

ಅವರು ತೀರಿಕೊಂಡದ್ದು 1980ರಲ್ಲಿ. ಸಾರ್ಕಾಂಡ್ರ ಎಂಬ ಗಿಡಕ್ಕೂ ನಾಳಗಳಿಲ್ಲವೆಂದು 1950ರಲ್ಲಿ ಅವರೂ ಬೈಲಿಯವರೂ ಹೇಳಿದ್ದುಂಟು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅದರಲ್ಲಿಯೂ ನಾಳಗಳನ್ನು ಕಂಡು ಆ ಮಾತನ್ನು ತಿದ್ದಿದರು. ಅಂಬೊರೆಲ್ಲದ ಕಥೆ ಬೇರೆ ತಿರುವು ಪಡೆಯಿತು. ಇಂದು ಬದುಕಿರುವ ಹೂಗಿಡಗಳ ವಂಶದಲ್ಲಿ ಮೊಟ್ಟಮೊದಲು ಕವಲೊಡೆದ ಕೊಂಬೆ ಅದೇ ಎಂದು 1999ರಲ್ಲಿ ಅನುವಂಶಿಕ ಧಾತುವಿನ ಹೋಲಿಕೆ ತೋರಿಸಿತು. 2013ರಲ್ಲಿ ಅದರ ಜೀನೋಮು ಪ್ರಕಟವಾಯಿತು. ಆ ಗಿಡದ ಒಡಲನ್ನು ಅರಿಯಬೇಕೆಂದವರು 1948ರ ಹಾಳೆಗಳಿಗೆ ಮರಳಬೇಕಾಯಿತು. ಒಪ್ಪಿದವನೂ ತಿದ್ದಿದವನೂ ಹೆಸರು ಹಿಡಿದೇ ಮಾತಾಡಬೇಕಾಗುವುದು ಉಲ್ಲೇಖದ ಧರ್ಮ. ಅದು ಸತ್ತವರೊಡನೆ ನಡೆಯುವ ಸಂವಾದ. ಆದರೆ ಬಡ್ತಿಯ ಅರ್ಜಿ ಐವತ್ತು ವರ್ಷ ಕಾಯುವುದಿಲ್ಲ. ತಪ್ಪು ಎಣಿಕೆಯದಲ್ಲ, ಅದರ ಅವಸರದ್ದು.

ಇನ್ನೊಂದು ಕೊರತೆಯೂ ಉಂಟು. 1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ದುಡಿದ ಸ್ವಾಮಿಯವರು ಕನ್ನಡದಲ್ಲಿಯೂ ಬರೆದರು. ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದರ ಚಿತ್ರಗಳೂ ಅವರ ಕೈಯವೇ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದ ಮೇಲೆ, ನಮ್ಮೂರ ಮಂಡಕ್ಕಿಯ ಜೊತೆಗೆ ಬರುವ ಮೆಣಸಿನಕಾಯಿ ಕಡಲಾಚೆಯಿಂದ ಬಂದ ನೆಂಟನೆಂದು ನನಗೆ ತಿಳಿಯಿತು. ಹಾಗೆ ತಿಳಿದವರು ಸಾವಿರಾರು ಮಂದಿ. ಅವರಾರೂ ಅಡಿಟಿಪ್ಪಣಿ ಬರೆಯುವವರಲ್ಲ.

ಕಳೆದ ಭಾನುವಾರ ಹರಿಹರಕ್ಕೆ ಹೋಗಿದ್ದೆ. ತುಂಗಭದ್ರೆಯ ದಡದ ಆ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದನು. ಒಂದೇ ಒಡಲಲ್ಲಿ ಅರ್ಧ ಹರಿ, ಅರ್ಧ ಹರನಾದ ಮೂರ್ತಿಯ ಮುಂದೆ ನಿಂತಾಗ ಸ್ವಾಮಿಯವರ ನೆನಪಾಯಿತು. ಎಣಿಸುವವರು ಒಂದು ಅರ್ಧವನ್ನು ಮಾತ್ರ ಕಂಡರು. ಇನ್ನೊಂದು ಅರ್ಧವನ್ನು ಮಾತ್ರ ತೋರಿಸಿದವನು ನಾನು. ಇಬ್ಬರ ದೋಷವೂ ಒಂದೇ.

ಮರುದಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ಅಂಬೊರೆಲ್ಲದ ಹೆಸರು ಬರೆದು, ಆ ಹುಡುಗಿಯ ಪ್ರಶ್ನೆಗೆ ಒಂದು ವರ್ಷ ತಡವಾಗಿ ಉತ್ತರ ಹೇಳಿದೆ.